ಚೇಟಾ, ಪಟ್ಟಿ!

ಜೂನ್ 9, ಸೋಮವಾರ

ಚೂಡಿದಾರಕ್ಕೆ ಇಸ್ತ್ರಿ ಹಾಕ್ತಿದ್ದೆ, ಕರೆಂಟ್ ಹೋಯ್ತು. ಅರ್ಧ ಇಸ್ತ್ರಿಯಲ್ಲೇ ಸಿಮ್ರಾನಳ ಝೆರಾಕ್ಸ್ ಅಂಗಡಿಗೆ ಓಡಿದೆ, ಅಲ್ಲಿ ಯು.ಪಿ.ಎಸ್. ಇದೆ. ಬದನಗುಪ್ಪೆಯ ಅರಿಶಿನ ಪುಡಿ ಕಂಪನಿಯಲ್ಲಿ ಡಿಸ್‌ಪ್ಯಾಚ್ ಕೆಲಸ ಖಾಲಿ ಇದೆ. ಪಿ.ಎಫ್. ಇದೆ, ಕಂಪನಿ ಬಸ್ಸು ನಮ್ಮ ಬೀದಿ ತುದಿಗೇ ಬರುತ್ತೆ. ಬಿ.ಕಾಂ. ಮುಗಿದು ವರ್ಷವಾಯ್ತು. ಈ ಕೆಲಸ ಬೇಕು. ಬೇಕೇ ಬೇಕು.

ಬಯೋಡೇಟಾ ಟೈಪ್ ಮಾಡ್ತಾ ಕೇಳಿದಳು, “ಎಕ್ಸ್‌ಪೀರಿಯೆನ್ಸ್ ಏನ್ ಹಾಕ್ಲೇ ರಂಜಿ?”

ಗುಂಡ್ಲುಪೇಟೆ ತರಕಾರಿ ಮಂಡಿ... ಹಾಕೋದಾ, ಬೇಡವಾ? ಅವಳನ್ನೇ ಕೇಳಿದೆ.

“ಮೂರು ವಾರ ಮಾಡಿದ್ದೂ ಒಂದ್ ಕೆಲ್ಸಾನಾ? ಯಾಕ್ ಬಿಟ್ಟೆ ಅಂದ್ರೆ ನಾಯಿ ಕತೆ ಹೇಳ್ತೀಯಾ?” ಅಂತ ಮೌಸ್ ಬಿಟ್ಟು ನಗೋಕೆ ಶುರು. ಸ್ನೇಹಿತೆಯಂತೆ!

ಮಂಡಿಯಲ್ಲಿ ಪಿ.ಎಫ್. ಹಿಡಿದಿಲ್ಲ, ಯಾರಿಗೂ ಗೊತ್ತಾಗಲ್ಲ. ‘ಫ್ರೆಷರ್’ ಅಂತ ಹೊಡೆಸಿಬಿಟ್ಟೆ.

ಜೂನ್ 10

ನಾಯಿ ಕತೆ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತೆ. ಮಂಡಿಯಲ್ಲಿ ಸರಕಿನ ಚೀಟಿಗೆ ಪಟ್ಟಿ ಅನ್ನೋದು. ಕೇರಳದ ಹೊಸ ವ್ಯಾಪಾರಿಯೊಬ್ಬರು ಕೋಸು ಕೊಂಡು ಚೀಟಿ ಮರೆತು ಹೊರಟರು. ನಾನು ಬಿಡ್ತೀನಾ! ಹಿಂದೆಯೇ ಓಡಿದೆ, ಕೈ ಎತ್ತಿಕೊಂಡು — “ಚೇಟಾ, ಪಟ್ಟಿ! ಪಟ್ಟಿ!”

ಮಲಯಾಳದಲ್ಲಿ ಚೇಟ ಅಂದ್ರೆ ಅಣ್ಣ, ಪಟ್ಟಿ ಅಂದ್ರೆ ನಾಯಿ.

ಕೋಸನ್ನೂ ಬಿಟ್ಟು ಪಕ್ಕದ ಮಂಡಿಗೆ ಹೋದರು. ಯಜಮಾನರು ಶಾಂತಮಲ್ಲಪ್ಪನೋರು, “ಸ್ವಲ್ಪ ದಿನ ಮನೇಲಿರಮ್ಮ” ಅಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಬಯೋಡೇಟಾ ವಿಷಯ ಅಜ್ಜಿಗೆ ಹೇಳಿದೆ.

“ಕದ್ದಿದ್ದೀಯಾ? ಇಲ್ಲ. ಯಾರ್ಗಾರ ಒಡ್ದಿದ್ದೀಯಾ? ಇಲ್ಲ. ಮತ್ಯಾಕಮ್ಮಿ ಮುಚ್ಕತೀಯೆ? ಬೆಕ್ಕು ಕಣ್ಮುಚ್ಕಂಡು ಆಲು ಕುಡ್ದಂಗಾಯ್ತು ಬುಡು.”

ಅಜ್ಜಿಗೇನು! ಇಂಟರ್‌ವ್ಯೂಗೆ ಹೋಗೋಳು ನಾನು.

ಜೂನ್ 13, ಶುಕ್ರವಾರ, ಸಂಜೆ

ಮುಗೀತು.

ಮ್ಯಾನೇಜರ್ ಕೇರಳದ ಪಾಲಕ್ಕಾಡಿನವರು! ಗೊತ್ತಾದ ಕೂಡಲೇ ನಾಯಿ ನೆನಪಾಯ್ತು. ಕನ್ನಡ ಚೆನ್ನಾಗೇ ಆಡ್ತಾರೆ, ಸ್ವಲ್ಪ ರಾಗ ಅಷ್ಟೆ. “ರೈತರು ಅರಿಶಿನ ತಂದ್ರು. ನೀವೇನು ಮಾಡ್ತೀರಿ?” ಗೊತ್ತಿರೋ ವಿಷಯ, ಹುರುಪು ಬಂತು. “ತೂಕ ಹಾಕಿಸಿ, ಗೋಣಿ ತೂಕ ಕಳೆದು, ಪಟ್ಟಿ ಹರೀತೀನಿ ಸರ್.”

ಜಾರಿಹೋಯ್ತು.

ಕನ್ನಡಕ ತೆಗೆದರು. “ಪಟ್ಟಿ... ಇದು ಮಂಡಿ ಮಾತಲ್ವಾ? ನೀವು ಫ್ರೆಷರ್. ಎಲ್ಲಿ ಕಲಿತಿರಿ?”

ನಮ್ಮ ಮಾವನ ಮಂಡಿಯಲ್ಲಿ ಅನ್ನಬಹುದಿತ್ತು. ನನಗೆ ಮಾವನೇ ಇಲ್ಲ, ಅದು ಬೇರೆ. ಆದರೆ ಅಜ್ಜಿಯ ಬೆಕ್ಕು ಮೇಜಿನ ಮೇಲೇ ಬಂದು ಕೂತ ಹಾಗಾಯ್ತು. ಎಲ್ಲ ಹೇಳಿಬಿಟ್ಟೆ — ಮೂರು ವಾರ, ಕೋಸು, ಚೇಟ, ನಾಯಿ.

ನಗಲಿಲ್ಲ ಪುಣ್ಯಾತ್ಮ. “ಬಯೋಡೇಟಾದಲ್ಲಿ ಯಾಕೆ ಇಲ್ಲ?”

“ನಾಚಿಕೆ ಆಯ್ತು ಸರ್.”

“ಸರಿ. ಫೋನ್ ಮಾಡ್ತೀವಿ.”

ನಾನು ಹೊರಗೆ ಬಂದು ಬಾಗಿಲು ಹಾಕಿದ್ದೇ ತಡ, ಒಳಗೆ ಮೇಜು ಬಡಿದುಕೊಂಡು ನಗೋ ಸದ್ದು. ಒಳ್ಳೇದಕ್ಕೋ ಕೆಟ್ಟದ್ದಕ್ಕೋ ತಿಳೀಲಿಲ್ಲ.

ಜೂನ್ 21

ಫೋನ್ ಇಲ್ಲ. ಮೊಬೈಲ್ ಕೆಟ್ಟಿದೆಯಾ ಅಂತ ಅಪ್ಪನ ಫೋನಿಂದ ನಾನೇ ಮಾಡಿ ನೋಡಿದೆ. ಚೆನ್ನಾಗಿ ಹೊಡ್ಕೊಳ್ತು.

“ಬೇರೆ ಕಡೆ ಹಾಕೋಣ ಬಿಡೇ, ಇನ್ನೊಂದ್ ಕಾಪಿ ತೆಗೀಲಾ?” ಅಂದಳು ಸಿಮ್ರಾನ್. ತೆಗಿ, ಆದರೆ ಮಂಡಿ ಹಾಕಿ ತೆಗಿ ಅಂದೆ. ಮೂರೇ ವಾರ ಅಂತಲೇ ಹಾಕು. ಕೇಳಿದರೆ ಹೇಳ್ತೀನಿ, ಕೇಳಿದವರೂ ನಗಲಿ.

ಬೇಜಾರಿದೆ. ಆದರೂ ಇವತ್ತು ಊಟ ಸೇರಿತು, ಎರಡು ಮುದ್ದೆ.

ಜುಲೈ 1, ಮಂಗಳವಾರ

ಮೊದಲ ದಿನ! ಫೋನ್ ಬಂದದ್ದು ಬರೆಯೋಕೂ ಪುರುಸೊತ್ತಾಗಲಿಲ್ಲ. ಅಜ್ಜಿ ಬೀದಿಗೆಲ್ಲ ಸಕ್ಕರೆ ಹಂಚಿತು. ನನ್ನದೇ ಕುರ್ಚಿ. ತಿರುಗುತ್ತೆ!

ಮಧ್ಯಾಹ್ನ ಕೊಚ್ಚಿಗೆ ಲೋಡು. ಡ್ರೈವರ್ ಚೇಟ ಕಿಟಕಿ ಹತ್ತಿರ ಬಂದರು. ಸರ್ ನನ್ನ ಹಿಂದೆಯೇ ನಿಂತಿದ್ದರು, ಬೇಕಂತಲೇ. ಪ... ಅನ್ನೋದನ್ನ ನುಂಗಿಕೊಂಡು, ಮರ್ಯಾದೆಯಾಗಿ, “ಚೇಟಾ, ಬಿಲ್ಲು” ಅಂದೆ. ಅವರೋ ಗುಂಡ್ಲುಪೇಟೆ ದಾರಿಯಲ್ಲೇ ಲಾರಿ ಓಡಿಸಿ ತಲೆ ನರೆತವರು, ಮಂಡಿ ಮಾತೆಲ್ಲ ಬಲ್ಲವರು. ಕೈ ಚಾಚಿ ಜೋರಾಗಿ ಕೇಳಿದರು —

“ಬಿಲ್ಲು ಇರ್ಲಿ, ನನ್ ಪಟ್ಟಿ ಎಲ್ಲಮ್ಮಾ?”

ತಿರುಗಿ ನೋಡಿದೆ. ಸರ್ ಬಾಯಿಗೆ ಕರ್ಚೀಫು ಒತ್ತಿಕೊಂಡು ನಗು ತಡೀತಿದ್ದರು.