ಕಂಬಳಿಯ ಮೇಲೆ ಆಡಿದ ಮಾತು

ಅಪ್ಪಾ,

ಬದುಕಿದ್ದಾಗ ನಿನಗೆ ಓದು ಬರುತ್ತಿರಲಿಲ್ಲ. ಅಲ್ಲಿ ಯಾರಾದರೂ ಕಲಿಸಿರಬಹುದು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ, ನಿನ್ನ ಮಗ ಮಾಳಪ್ಪ. ನಿನಗೊಂದು ಸುಳ್ಳು ಹೇಳಿದ್ದೆ. ನಿನ್ನೆಯಿಂದ ಅದು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ.

ನಿನ್ನೆ ಸೊಲ್ಲಾಪುರದಲ್ಲಿ ಒಂದು ಮರಾಠಿ ಸಿನಿಮಾ ನೋಡಿದೆ. ನಾಲ್ಕು ಜನ ಕುರ್ಚಿ ಬಿಟ್ಟೇಳದೆ ಕ್ರಾಂತಿ ಮಾಡುತ್ತಾರೆ. ಮೆರವಣಿಗೆ ಹೊರಡಬೇಕು, ಒಬ್ಬನ ಚಪ್ಪಲಿ ಕಾಣುತ್ತಿಲ್ಲ, ಅಷ್ಟಕ್ಕೇ ಕ್ರಾಂತಿ ಮುಂದಿನ ವಾರಕ್ಕೆ! ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ... ಇಂಟರ್ವಲ್‌ಗೆ ಎದ್ದು ಬಂದವನು ಮತ್ತೆ ಒಳಗೆ ಹೋಗಲಿಲ್ಲ.

ಗಿರಣಿ ಮುಷ್ಕರದ ಸಮಯದಲ್ಲಿ ನನ್ನ ನಾಲ್ವರು ಗೆಳೆಯರು ಕುಂಭಾರಿಯ ನಮ್ಮ ಮನೆಗೆ ಬಂದಿದ್ದರಲ್ಲ? ನೀನು ನಮ್ಮ ಮನೆದೇವರು ಬೀರೋಬನ ಪೂಜೆಯ ಕಂಬಳಿಯನ್ನೇ ಹಾಸಿದೆ. ದೇವರಿಲ್ಲ ಎನ್ನುವ ನಾವು ಅದರ ಮೇಲೆ ಕಾಲು ಚಾಚಿ ಕೂತು, ಅವ್ವನ ರೊಟ್ಟಿ ಮುರಿಯುತ್ತ, ನಾಳೆ ಮುಂಜಾನೆ ಗಿರಣಿ ಗೇಟಿಗೆ ಅಡ್ಡ ಮಲಗುವುದೆಂದು ಠರಾವು ಮಾಡಿದೆವು.

"ಕಂಬಳಿ ಮ್ಯಾಲ ಕುಂತು ಆಡೀರಿ. ಖರೇ ಏನಪಾ?" ಎಂದು ಕೇಳಿದೆ ನೀನು.

"ಖರೇ ಅಪ್ಪಾ."

ನಮಗದು ಬರೀ ಠರಾವು. ನಿನಗೆ ಮಾತ್ರ ಕಂಬಳಿಯ ಮೇಲೆ ಕೊಟ್ಟ ಮಾತು, ತಲೆ ಹೋದರೂ ತಪ್ಪುವಂತಿಲ್ಲ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ನನಗಾದರೂ ಅದು ತಿಳಿಯಬೇಡವೇ? ಗೆಳೆಯರೊಂದಿಗೆ ನಾನೂ ಆ ಸಂಜೆಯೇ ಗಿರಣಿಯಿದ್ದ ಸೊಲ್ಲಾಪುರ ಪೇಟೆಗೆ ಹೊರಟುಬಿಟ್ಟೆ.

ಮರುದಿನ ನೀನು ಅವ್ವನಿಗೆ ಕುರಿ ಒಪ್ಪಿಸಿ, "ಹುಡುಗರು ಬಿಸಲಾಗ ಮಲಗಿರತಾರ, ನೀರು ಕೊಡಾಕರ ಒಬ್ಬರು ಬೇಕಲ್ಲ" ಎಂದು ಗೇಟಿಗೆ ಬಂದೆ. ನಾವಿರಲಿಲ್ಲ. ಮನೆಯ ಮಾತು ಕೆಡಬಾರದೆಂದು ನೀನೇ ಅಡ್ಡ ಮಲಗಿದೆ. ಗಿರಣಿಯ ಒಳಗು ಹೇಗಿರುತ್ತದೆಂದೇ ಕಾಣದ ನೀನು! ಪೊಲೀಸರ ಲಾಠಿ ಸೊಂಟಕ್ಕೆ ಬಿತ್ತು.

ಸಂಜೆ ನಾನು ಮನೆಗೆ ಬಂದಾಗ ನೀನು ಗೋಡೆಗೆ ಒರಗಿದ್ದೆ. "ಯಾಕ ಬರಲಿಲ್ಲೋ?" ಎಂದು ಕೇಳಿದೆ.

"ದಾರ್ಯಾಗ ಪೊಲೀಸರು ಹಿಡದು ಬಡದ್ರಪ್ಪಾ."

"ಭಾಳ ಬಡದಾರೇನೋ? ಬೋರಲ ಮಲಕೋ."

ಮಂಜುಗಣ್ಣಿನ ನೀನು ಸೊಂಟ ಹಿಡಿದುಕೊಂಡೇ ಎಣ್ಣೆ ಬಿಸಿ ಮಾಡಿ ನನ್ನ ಬೆನ್ನು ನೀವಿದೆ. ಆ ಚಳಿಗಾಲದಲ್ಲೇ ನೀನು ಹೋಗಿಬಿಟ್ಟೆ. ನಿಜ ಹೇಳುವುದು ಹಾಗೇ ಉಳಿಯಿತು.

ನಮ್ಮನ್ನು ಯಾವ ಪೊಲೀಸನೂ ಹಿಡಿದಿರಲಿಲ್ಲ, ಅಪ್ಪಾ. ನಾವು ಐವರೂ ನವಿ ಪೇಠದ ಹೋಟೆಲಿನಲ್ಲಿದ್ದೆವು. ಮಲಗುವುದು ಶರಣಾಗತಿ, ಕೂರುವುದೇ ಹೋರಾಟ ಎಂದು ಒಬ್ಬ ತಿದ್ದುಪಡಿ ತಂದಿದ್ದ. ವಾದ ಮುಗಿಯುವಷ್ಟರಲ್ಲಿ ಮೂರು ಸುತ್ತು ಚಹಾ ಆಗಿತ್ತು. ವಾದದಲ್ಲಿ ಗೆದ್ದವನು ನಾನೇ, ನಾಚಿಕೆಗೇಡಿ.

ಅವ್ವ ಇವತ್ತಿಗೂ "ಅಪ್ಪ-ಮಗ ಇಬ್ಬರೂ ಬಡವರ ಸಲುವಾಗಿ ಏಟು ತಿಂದಾರ" ಎಂದು ಊರ ತುಂಬ ಹೇಳಿಕೊಂಡು ಬರುತ್ತಾಳೆ. ಈಗ ಕುಂಭಾರಿಯ ಬಸ್ಸು ಹತ್ತುತ್ತಿದ್ದೇನೆ. ಒಂದು ಏಟೂ ಬೀಳದ ಬೆನ್ನಿಗೆ ನೀನು ಎಣ್ಣೆ ಹಚ್ಚಿದೆ ಎಂದು ಅವಳಿಗೆ ಹೇಳಿಯೇ ಬರುತ್ತೇನೆ.