ಅರಿಷಿಣದ ಡಿಸ್ಕ್

೨೫ ನವೆಂಬರ್ ೨೦೦೭, ಭಾನುವಾರ

ಬೆಳಿಗ್ಗೆಯಿಂದ ಮೂರು ಸಲ ಕರೆಂಟ್ ಹೋಯಿತು. ಯಮನೂರು ಮದುವೆಯ ವಿಡಿಯೋ ಮಿಕ್ಸಿಂಗ್ ಅರ್ಧಕ್ಕೆ ನಿಂತಿದೆ. ಗಂಡ ಬೀರೇಶ ಯುಪಿಎಸ್ ಬ್ಯಾಟರಿಗೆ ನೀರು ಹಾಕುತ್ತೇನೆಂದು ಹೇಳಿ ಹದಿನೈದು ದಿನ ಆಯಿತು. ಅವನಿಗೆ ಕ್ಯಾಮೆರಾ ಹೆಗಲಿಗೇರಿಸುವುದೊಂದೇ ಗೊತ್ತು. ಉಳಿದದ್ದೆಲ್ಲ ನನ್ನ ತಲೆಗೆ.

ಎದುರಿನ ಅಂಗಡಿಯವಳು ಫ್ಲೆಕ್ಸ್ ಕಟ್ಟಿಸಿದ್ದಾಳೆ. "ನವಲಗುಂದದ ಮೊಟ್ಟಮೊದಲ ಬ್ಲೂ-ರೇ ಸ್ಟುಡಿಯೋ." ಕೆಳಗೆ ತನ್ನದೇ ಫೋಟೋ, ಕೈಕಟ್ಟಿ ನಿಂತದ್ದು. ರೋಹಿಣಿ! ಹುಬ್ಬಳ್ಳಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಮಿಕ್ಸಿಂಗ್ ಕಲಿತೆವು. ಒಂದೇ ಅಂಗಡಿ ತೆರೆದೆವು. ಎರಡು ವರ್ಷಕ್ಕೆ ಅವಳ ಅತ್ತೆಯ ಮನೆಯವರು ದುಡ್ಡು ಹಾಕಿದರು — ಮರುದಿನ ಬೋರ್ಡಿನಿಂದ ನನ್ನ ಹೆಸರು ಬ್ಲೇಡಿನಲ್ಲಿ ಕೆರೆದು ತೆಗೆದಿದ್ದರು. ಅವಳು ಒಳಗೇ ಇದ್ದಳು. ಹೊರಗೆ ಬರಲಿಲ್ಲ.

ಅವಳದ್ದು ಬ್ಲೂ-ರೇ. ನಮ್ಮದು ಎಚ್‌ಡಿ ಡಿವಿಡಿ. ಎರಡರಲ್ಲೂ ಚಿತ್ರ ಕನ್ನಡಿಯ ಹಾಗೆ. ಆದರೆ ಅದರ ಮಷೀನಿನಲ್ಲಿ ಇದು ಓಡದು, ಇದರ ಮಷೀನಿನಲ್ಲಿ ಅದು ಓಡದು. ಜಗತ್ತಿನಲ್ಲಿ ಕಡೆಗೆ ಒಂದೇ ಉಳಿಯುತ್ತದಂತೆ. ಉಳಿಯಲಿ. ಅವಳದ್ದಂತೂ ಅಲ್ಲ.

ಮಧ್ಯಾಹ್ನ ಶಲವಡಿಯ ಈರಪ್ಪ ಕಾಕಾ ಬಂದರು. ಕಣ್ಣಿನ ಆಪರೇಷನ್‌ಗೆ ಮುಂಬೈಗೆ ಹೋದವರು ಬರುವಾಗ ದೊಡ್ಡ ಟಿವಿ, ಎಚ್‌ಡಿ ಡಿವಿಡಿ ಪ್ಲೇಯರ್ ತಂದಿದ್ದಾರೆ.

"ಕಣ್ಣ ಹೊಸಾವು ಬಂದಾವ, ಇನ್ನ ಮಸಕ ಮಸಕ ನೋಡೂದಿಲ್ಲ. ಮಗಳ ಮದುವಿ ಒಂದ ಗಳಿಗಿ ಬಿಡದಂಗ ನನ್ನ ಮಷೀನಿಗೆ ಹಾಕಿ ಕೊಡಬೇಕ ನೋಡವಾ ನಾಗರತ್ನಾ."

"ಆತ್ರಿ ಕಾಕಾರ. ವರ ಎಲ್ಲಿಯಾಂವರಿ?"

"ಇದ ಊರವ. ಈ ಎದುರಿನ ರೋಹಿಣಿಯ ಮೈದುನ, ಸಿದ್ಧಾರೂಢ."

ನಗು ತಡೆಯಲಾಗಲಿಲ್ಲ. ಅವಳ ಮನೆಯ ಮದುವೆ. ನನ್ನ ಕ್ಯಾಮೆರಾ.

೨೯ ನವೆಂಬರ್, ಗುರುವಾರ

ಶಲವಡಿ. ಮದುವೆ ಮುಗಿಯಿತು. ಕಾಲು ಊದಿವೆ.

ಎರಡು ದಿನ ರೋಹಿಣಿ ರೇಷ್ಮೆ ಸೀರೆ ಉಟ್ಟು ಬೀಗರ ಸೊಸೆಯಾಗಿ ಓಡಾಡಿದಳು. ಕ್ಯಾಮೆರಾ ಮುಟ್ಟುವ ಹಾಗಿಲ್ಲ. ನಿನ್ನೆ ಅರಿಷಿಣದ ಶಾಸ್ತ್ರ. ಗಂಡಸರಿಗೆ ಪ್ರವೇಶವಿಲ್ಲ, ನಾನೇ ಶೂಟ್ ಮಾಡಿದೆ. ಅರಿಷಿಣದ ಬಟ್ಟಲು ಹಿಡಿದು ನಿಂತ ರೋಹಿಣಿ ಲೈಟಿಗೆ ಅಡ್ಡ.

"ಬಾಜೂಕ ಸರಿಯವಾ," ಅಂದೆ.

"ಲೈಟ್ ಎಲ್ಲಿ ಇಡಬೇಕಂತ ಗೊತ್ತಿದ್ರ ಸರಿಯೂದು ಬೇಕಾಗೂದಿಲ್ಲ," ಅಂದಳು. ಹೆಂಗಸರೆಲ್ಲ ನಕ್ಕರು.

ಅವಳ ಅತ್ತೆ ರೇವವ್ವ ಮದುಮಗಳು ಸುನಿತಾಳ ತೋಳಿಗೆ ಅರಿಷಿಣ ಹಚ್ಚುತ್ತಿದ್ದಳು. ಮೊಣಕೈ ಮೇಲೆ ಒಂದು ಬಿಳಿ ಮಚ್ಚೆ, ಅಂಗೈ ಅಗಲ. ರೇವವ್ವನ ಕೈ ನಿಂತಿತು.

"ಇದೇನವಾ?"

"ಸಣ್ಣಾಕಿದ್ದಾಗಿಂದ ಐತ್ರಿ ಅತ್ತಿ. ಅಪ್ಪ ಮೊದಲ ಹೇಳಿದ್ರಲ್ರಿ."

"ಇರ್ಲಿ ಬಿಡು. ಅರಿಷಿಣ ಹಚ್ಚಿದ ಮ್ಯಾಲ ಎಲ್ಲಾರದೂ ಒಂದ ಬಣ್ಣ."

ಒಳ್ಳೆಯ ಮಾತು. ಆ ಮನೆಯವರ ಬಾಯಲ್ಲಿ ಬಂದದ್ದು ಆಶ್ಚರ್ಯ.

೧೨ ಡಿಸೆಂಬರ್, ಬುಧವಾರ

ಶಲವಡಿಗೆ ಒಯ್ದು ಕೊಟ್ಟೆವು. ಎಚ್‌ಡಿ ಡಿಸ್ಕ್ ಒಂದು, ಅದರಲ್ಲಿ ಎಲ್ಲ ಇದೆ, ಮೂಲ ಧ್ವನಿಯ ಸಮೇತ. ನೆಂಟರಿಗೆ ಹಂಚಲು ಮಾಮೂಲಿ ವಿಸಿಡಿ. ಅದರಲ್ಲಿ ಅರಿಷಿಣ ಎರಡೇ ನಿಮಿಷ, ಮೇಲೆ ಹಾಡು. ಕಾಕಾ ಮೂರು ತಾಸು ಟಿವಿ ಮುಂದಿನಿಂದ ಏಳಲಿಲ್ಲ.

ಕಂಪ್ಯೂಟರಿನಲ್ಲಿದ್ದದ್ದನ್ನು ತೆಗೆದೆ, ಶೂಟ್ ಮಾಡಿದ ಟೇಪು ಅಳಿಸಿ ಮುಂದಿನ ಮದುವೆಗೆ ಹಾಕಿದೆ. ಹೊಸ ಟೇಪು ಕೊಳ್ಳುವವರು ಯಾರು.

೨೧ ಫೆಬ್ರವರಿ ೨೦೦೮, ಗುರುವಾರ

ಷಟರ್ ಎತ್ತಲು ಹೋದರೆ ಪೇಪರ್ ಕಟಿಂಗ್ ಅಂಟಿಸಿದೆ. ಅಂಟು ಹಾಕಿ, ಮೂಲೆ ಸವರಿ, ನೀಟಾಗಿ. ಜಪಾನಿನ ಕಂಪನಿ ಎಚ್‌ಡಿ ಡಿವಿಡಿ ಮಾಡುವುದನ್ನೇ ನಿಲ್ಲಿಸಿತಂತೆ. ಬ್ಲೂ-ರೇ ಗೆದ್ದಿತು. ಕೆಂಪು ಪೆನ್ನಿನಲ್ಲಿ ಗೆರೆ ಬೇರೆ ಎಳೆದಿದ್ದಾಳೆ.

ಎದುರು ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದಳು. ಮನೆಯಲ್ಲಿ ಬಚ್ಚಲಿಲ್ಲವೇ?

"ಸತ್ತ ಡಿಸ್ಕಿಗೆ ಹೂ ಹಾಕಬೇಕೇನವಾ?" ಅಂದಳು. ಬಾಯ್ತುಂಬ ನೊರೆ.

ಉತ್ತರ ಕೊಟ್ಟಿದ್ದರೆ ರಸ್ತೆ ತುಂಬ ಜನ ಸೇರುತ್ತಿದ್ದರು. ಕಟಿಂಗನ್ನು ಉಗುರಿನಿಂದ ಕೆರೆದೆ, ಪೂರ್ತಿ ಬರಲಿಲ್ಲ. ಗೆದ್ದವಳು ಇಡೀ ದಿನ ಮಾಡಿದ್ದೇನು? ವಿಸಿಡಿ ಬರೆದಳು. ಊರಲ್ಲಿ ಬ್ಲೂ-ರೇ ಪ್ಲೇಯರ್ ಒಂದೂ ಇಲ್ಲ.

೨೫ ಫೆಬ್ರವರಿ, ಸೋಮವಾರ

ಎಚ್‌ಡಿ ಡಿವಿಡಿ ಬರೆಯುವ ಡ್ರೈವ್ ನೋಡಿದರೆ ಮೈ ಉರಿಯುತ್ತದೆ. ಕಿತ್ತು ಹುಬ್ಬಳ್ಳಿಗೆ ಒಯ್ದೆ. ಕಂಪ್ಯೂಟರ್ ಸಾಮಾನಿನ ರಹಿಮಾನಸಾಬ ಬದಲಿಗೆ ಎರಡು ಸಾದಾ ಡಿವಿಡಿ ರೈಟರ್ ಕೊಟ್ಟ.

"ತಡೀರಿ ಅಕ್ಕಾರ, ಮುಂದ ಬೇಕಾಗಬಹುದು," ಅಂದ.

"ಬ್ಯಾಡ. ನನ್ನ ಕಣ್ಣಮುಂದ ಬ್ಯಾಡ."

ಬೀರೇಶ ಬಸ್ಸಿನಲ್ಲಿ ಊರು ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತ. ಅದೂ ಬೈಗುಳದ ಹಾಗೇ.

೯ ಏಪ್ರಿಲ್, ಬುಧವಾರ

ಸುನಿತಾಳನ್ನು ಗಂಡನ ಮನೆಯವರು ತವರಿಗೆ ತಂದು ಬಿಟ್ಟಿದ್ದಾರೆ. ಮಚ್ಚೆ ಇತ್ತು, ಮುಚ್ಚಿಟ್ಟು ಮದುವೆ ಮಾಡಿದರು — ಇದು ರೇವವ್ವನ ಮಾತು. ನಾಲ್ಕು ತಿಂಗಳು ಬೇಕಾಯಿತೇ ಕಾಣಲು? ಕಿರಾಣಿ ಅಂಗಡಿಯಲ್ಲಿ ಕೇಳಿದೆ: ಸಿದ್ಧಾರೂಢನಿಗೆ ಗದಗಿನ ಕಡೆ ಇನ್ನೊಂದು ಸಂಬಂಧ ನೋಡುತ್ತಿದ್ದಾರಂತೆ, ಹತ್ತಿ ಮಿಲ್ಲಿನವರದು.

ಕುದಿಯಿತು. ನನಗೇನು ಸಂಬಂಧ? ಆದರೂ.

೨೭ ಏಪ್ರಿಲ್, ಭಾನುವಾರ

ಸುನಿತಾಳ ಪಂಚಾಯಿತಿಗೆ ಮಠದಲ್ಲಿ ಹಿರಿಯರು ಕೂಡಿದ್ದರು. ಹೆಣ್ಣಿನ ಕಡೆಯ ಹೆಂಗಸರದು ನೆಂಟರ ಮಾತು, ನಡೆಯುವುದಿಲ್ಲವೆಂದು ಕಾಕಾ ನನ್ನನ್ನೂ ಕರೆಸಿದರು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ರೇವವ್ವನ ಮಾತು ಅಕ್ಷರ ಬಿಡದೆ.

ರೇವವ್ವ ನನ್ನ ಕಡೆ ತಿರುಗಲೂ ಇಲ್ಲ. "ಈಕಿ ಮಾತ ಹಿಡೀಬ್ಯಾಡ್ರಿ. ನಮ್ಮ ರೋಹಿಣಿಗೂ ಈಕಿಗೂ ಹಾವು ಮುಂಗಸಿ. ಸೇಡ ತೀರಿಸ್ಕೊಳ್ಳಾಕ ಬಂದಾಳ."

ಹಿರಿಯರು ತಲೆಯಾಡಿಸಿದರು. ಊರಿಗೆಲ್ಲ ಗೊತ್ತು ನಮ್ಮ ಜಗಳ. ನಾನೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸಾರಿದ್ದೇನಲ್ಲ.

ರೋಹಿಣಿಯನ್ನು ಕೇಳಿದರು. ಎದ್ದು ನಿಂತಳು. ನೆಲ ನೋಡುತ್ತ: "ನಾ ನೋಡಿಲ್ರಿ. ಆ ಹೊತ್ತಿಗೆ ಹೊರಗ ಇದ್ದೆ."

ಸುಳ್ಳಿ! ಅರಿಷಿಣದ ಬಟ್ಟಲು ಹಿಡಿದವಳು ಅವಳೇ.

"ಡಿಸ್ಕ್ ಐತಿ, ಅದರಾಗ ಎಲ್ಲಾ ಐತಿ," ಅಂದೆ. ತರಲು ಎರಡು ವಾರ ಕೊಟ್ಟರು. ಹೊರಗೆ ಬಂದ ಮೇಲೆ ಕಾಕಾ ಮೆಲ್ಲಗೆ ಹೇಳಿದರು — ಮಾರ್ಚ್‌ನಲ್ಲಿ ವೋಲ್ಟೇಜ್ ಏರಿ ಪ್ಲೇಯರ್ ಸುಟ್ಟುಹೋಗಿದೆ. ರಿಪೇರಿಯವರು ಸಾಮಾನೇ ಬರುವುದಿಲ್ಲ ಅಂದರಂತೆ. ಟೇಪು ಅಳಿಸಿದವಳು ನಾನು. ಡ್ರೈವ್ ಮಾರಿದವಳೂ ನಾನು. ಕಾಕಾನ ಚಪ್ಪಲಿ ನೋಡುತ್ತ ಅದನ್ನು ಹೇಳಿದೆ.

೫ ಮೇ, ಸೋಮವಾರ

ಹುಬ್ಬಳ್ಳಿ. ನನ್ನ ಡ್ರೈವ್ ಮಾರ್ಚ್‌ನಲ್ಲೇ ಪುಣೆಗೆ ಹೋಗಿದೆ. ರಹಿಮಾನಸಾಬ ನಾಲ್ಕು ಕಡೆ ಫೋನ್ ಮಾಡಿದ. ಎಲ್ಲೂ ಇಲ್ಲ. ಎಳನೀರು ತರಿಸಿಕೊಟ್ಟ, ಆಮೇಲೆ ತಲೆ ಕೆರೆದುಕೊಂಡ.

"ಎರಡೂ ಓದೂ ಡ್ರೈವ್ ಒಂದ ಬಂದಿತ್ತ್ರಿ. ಬರಿಯೂದು ಬ್ಲೂ-ರೇ ಅಷ್ಟ, ಆದರ ಎಚ್‌ಡಿ ಡಿವಿಡಿನೂ ಓದ್ತೈತಿ."

"ಯಾರಿಗೆ ಕೊಟ್ಟಿ?"

"ನಿಮ್ಮ ಎದುರಿನ ಅಂಗಡಿಯವ್ರಿಗ್ರಿ."

ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನ ಮುದುಕಿ ಕೇಳಿದಳು, ಯಾಕವ್ವಾ ಹಲ್ಲು ಕಡೀತಿ ಅಂತ.

೬ ಮೇ, ಮಂಗಳವಾರ. ಸಂಜೆ ೫

ರೇವವ್ವ ಅಂಗಡಿಗೆ ಬಂದಿದ್ದಳು! ಚಪ್ಪಲಿ ಹೊರಗೆ ಬಿಡದೆ ಒಳಗೆ.

"ಆ ಡಿಸ್ಕ್ ಈಗ ಯಾವುದಕ್ಕೂ ಓಡೂದಿಲ್ಲಂತಲ್ಲ? ಅಷ್ಟ ಹೇಳು ಹಿರ್ಯಾರ ಮುಂದ. ಸುಳ್ಳೇನೂ ಅಲ್ಲ. ಸಿದ್ಧನ ಮುಂದಿನ ಮದುವಿ ನಿಂದ ಕ್ಯಾಮೆರಾ."

"ಮುಂದಿನ ಮದುವಿ? ಈ ಮದುವಿ ಇನ್ನ ಮುರದಿಲ್ಲಲ್ರಿ."

"ನಿನ್ನಂಥಾಕಿಗೆ ಮನ್ಯಾಗ ಕರದ ಕೆಲಸ ಕೊಡ್ತೀವಂದ್ರ ಎದುರ ಮಾತೇನು?"

"ಚಪ್ಪಲಿ ಹಾಕ್ಕೊಂಡ ಒಳಗ ಬಂದೀರಿ. ಹಂಗ ಹೊರಗ ಹೋಗ್ರಿ. ಕಾಲ ಸುಡೂದಿಲ್ಲ."

ಬೀರೇಶ ಇಲ್ಲ, ಎಲೆಕ್ಷನ್ ಶೂಟಿಂಗಿಗೆ ಹೋಗಿದ್ದಾನೆ. ಇದ್ದಿದ್ದರೂ ಬ್ಯಾಟರಿಗೆ ನೀರು ಹಾಕುತ್ತೇನೆ ಅನ್ನುತ್ತಿದ್ದ.

೮ ಮೇ, ಗುರುವಾರ

ಹೋದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ರಸ್ತೆ ದಾಟಿ ರೋಹಿಣಿಯ ಅಂಗಡಿಗೆ ಕಾಲಿಟ್ಟೆ. ಶಲವಡಿಯಿಂದ ಡಿಸ್ಕ್ ತಂದ ಸುನಿತಾ, ನಾನೂ ಬರುತ್ತೇನೆ ಅಂದಳು. ಬೇಡ ಅಂದರೂ ಕೇಳಲಿಲ್ಲ. ಅವಳೇ ಡಿಸ್ಕನ್ನು ಕೌಂಟರಿನ ಮೇಲೆ ಇಟ್ಟಳು.

ರೋಹಿಣಿ ಡಿಸ್ಕ್ ನೋಡಿದಳು. ನನ್ನನ್ನು ನೋಡಿದಳು.

"ಇದು ಇಲ್ಲಿ ಓದೂದಿಲ್ಲ."

"ಓದ್ತೈತಿ. ರಹಿಮಾನಸಾಬ ಹೇಳ್ಯಾನ."

"ನನ್ನ ಅಂಗಡಿ. ನನ್ನ ಡ್ರೈವ್. ನಾ ಓದಸೂದಿಲ್ಲ."

"ನಿನ್ನ ಕಾಲ ಹಿಡಿಯಾಕ ಬಂದಿಲ್ಲ ನಾ," ಅಂದೆ. "ಸುಳ್ಳ ಹೇಳಿದ ಬಾಯಿ ನೋಡಾಕ ಬಂದೀನಿ."

"ನೋಡಿದೆಲ್ಲ? ನಡಿ."

ಸುನಿತಾ ನಡುವೆ ಬಂದಳು. ದನಿ ಎತ್ತಲಿಲ್ಲ. "ಅಕ್ಕಾ, ಅವತ್ತ ಅತ್ತಿ ಕೈ ಒರಸ್ಕೊಂಡ ಎದ್ದ ಮ್ಯಾಲ, ನೀವ ಎರಡನೇ ಸಲ ಹಚ್ಚಿದ್ರಿ. ಅದ ಮಚ್ಚಿ ಮ್ಯಾಲ. ತಣ್ಣಗ ಐತೇನ ಅಂತ ಕೇಳಿದ್ರಿ. ನನಗ ನಿಮ್ಮನಿಗೆ ಬರೂ ಧೈರ್ಯ ಬಂದದ್ದ ಆಗ."

ರೋಹಿಣಿ ಬಹಳ ಹೊತ್ತು ಕೌಂಟರಿನ ಗಾಜು ಒರೆಸಿದಳು. ಗಾಜು ಸ್ವಚ್ಛವೇ ಇತ್ತು. ಆಮೇಲೆ ಷಟರ್ ಅರ್ಧ ಇಳಿಸಿದಳು.

"ಫ್ಯಾನ್ ಬಂದ್ ಮಾಡು. ಧೂಳ ಬರ್ತೈತಿ," ಅಂದಳು ನನಗೆ. ಆಳಿಗೆ ಹೇಳಿದ ಹಾಗೆ. ಮಾಡಿದೆ.

ಓದಿತು. ಪರದೆಯ ಮೇಲೆ ರೇವವ್ವನ ಕೈ, ಸುನಿತಾಳ ತೋಳು, ಬಿಳಿ ಮಚ್ಚೆ — ಕೂದಲು ಕೂದಲು ಕಾಣುವಷ್ಟು ಸ್ವಚ್ಛ. ಪಕ್ಕದಲ್ಲಿ ಬಟ್ಟಲು ಹಿಡಿದು ನಗುತ್ತಿರುವ ರೋಹಿಣಿ. ಆಮೇಲೆ ಆ ಮಾತು. ಎಲ್ಲಾರದೂ ಒಂದ ಬಣ್ಣ.

ರೋಹಿಣಿ ತನ್ನ ಮುಖವನ್ನೇ ನೋಡುತ್ತಿದ್ದಳು. ಬೆರಳು ಡ್ರೈವಿನ ಗುಂಡಿಯ ಮೇಲಿತ್ತು. ಒತ್ತಿ, ಹೊರಗೆ ತೆಗೆದು, ಮೊಣಕಾಲಿಗೆ ಹಾಕಿ ಮುರಿದರೆ ಮುಗಿಯಿತು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ.

"ನಿನ್ನ ಫೋಕಸ್ ಇಲ್ಲೂ ತಪ್ಪೈತಿ," ಅಂದಳು.

"ನಿನ್ನ ಮಾರಿ ಅಂತೂ ಸ್ವಚ್ಛ ಕಾಣ್ತೈತಿ."

ಬೆರಳು ತೆಗೆದಳು. ಕಾಪಿಗೆ ಹಾಕಿದಳು. ಹದಿನೇಳು ನಿಮಿಷ ಹಿಡಿಯಿತು. ಮಠದಲ್ಲಿ ಇರುವುದು ಹಳೆಯ ಪ್ಲೇಯರ್, ಅದಕ್ಕೆ ವಿಸಿಡಿಯೇ ಬೇಕು. ಅವಳೇ ಮಾಡಿದಳು, ಎರಡು ಪ್ರತಿ. ನನ್ನ ಕೈಗೆ ಕೊಡಲಿಲ್ಲ, ಸುನಿತಾಳ ಕೈಗೆ.

"ನಿಮಗೇನಾರ ಅಂದ್ರ, ಅಕ್ಕಾ?"

"ನನ್ನ ಚಿಂತಿ ನಿನಗ್ಯಾಕ. ಒಯ್ಯಿ."

ಥ್ಯಾಂಕ್ಸ್ ಹೇಳಲಿಲ್ಲ ನಾನು. ಹೇಳುವುದೂ ಇಲ್ಲ.

೧೧ ಮೇ, ಭಾನುವಾರ

ಮಠ. ಟಿವಿಯ ಮೇಲೆ ಹೊದಿಸಿದ್ದ ಬಟ್ಟೆ ತೆಗೆದು ವಿಸಿಡಿ ಹಾಕಿದರು. ವಿಸಿಡಿಯಲ್ಲಿ ಮುಖ ಮಸುಕು. ಧ್ವನಿ ಮಾತ್ರ ಗಂಟೆಯ ಹಾಗೆ.

ಹಿರಿಯರು ನೆಲ ನೋಡಿದರು. ಸಿದ್ಧಾರೂಢ ಉಗುರು ಕಚ್ಚಿದ. ರೇವವ್ವ ಸೆರಗು ಕೊಡವಿ ಎದ್ದಳು. "ಯಾರ್ ಮಾಡಿಕೊಟ್ರು ಇದನ್ನ? ಓಡೂದಿಲ್ಲ ಅಂದಿದ್ರಲ್ಲ?"

ನನ್ನ ಕಡೆಗೇ ನೋಡಿದಳು. ನಾನು ಬಾಯಿ ಬಿಡುವ ಮೊದಲೇ ಹಿಂದಿನಿಂದ ದನಿ.

"ನಾನ ಮಾಡಿಕೊಟ್ಟೆ. ಅವತ್ತ ಇಲ್ಲಿ ಸುಳ್ಳ ಹೇಳಿದ್ದೂ ನಾನ."

ರೋಹಿಣಿ ನಿಂತಿದ್ದಳು. ಅವಳ ಗಂಡ ರಟ್ಟೆ ಹಿಡಿದು ಕೂರಿಸಲು ನೋಡಿದ. ಕೂರಲಿಲ್ಲ.

ಹಿರಿಯರು ತೀರ್ಮಾನ ಹೇಳಿದರು: ತಪ್ಪು ಗಂಡಿನವರದು, ಸೊಸೆಯನ್ನು ಮರ್ಯಾದೆಯಿಂದ ಕರೆದೊಯ್ಯಬೇಕು. ಸಿದ್ಧಾರೂಢ ತಲೆಯಾಡಿಸಿದ. ಆಗ ಸುನಿತಾ ಎದ್ದಳು.

"ನಾ ಬರೂದಿಲ್ರಿ. ಮುಚ್ಚಿಟ್ಟು ಮದುವಿ ಆದಾಕಿ ಅನ್ನೂ ಮಾತ ಹೋಗಲಿ ಅಂತ ಬಂದಿದ್ದೆ. ಹೋತು." ತಂದೆಯ ಕಡೆ ತಿರುಗಿ, "ಅಪ್ಪಾ, ಹೋಗೂಣು ನಡಿ."

ತೋಳು ಗಿಡ್ಡ ಇರುವ ಕುಪ್ಪಸ ಹಾಕಿದ್ದಳು, ಮಚ್ಚೆ ಎಲ್ಲರಿಗೂ ಕಾಣುವ ಹಾಗೆ. ಆಗಲೇ ನಾನು ನೋಡಿದ್ದು.

೧೯ ಮೇ, ಸೋಮವಾರ. ಮಧ್ಯಾಹ್ನ ೩

ಎದುರಿನ ಷಟರ್‌ಗೆ ಎಂಟು ದಿನದಿಂದ ಬೀಗ. ರೋಹಿಣಿಯ ಅತ್ತೆಯ ಮನೆಯವರು ಹಾಕಿದ್ದು. ಫ್ಲೆಕ್ಸ್ ಗಾಳಿಗೆ ಒಂದು ಕಡೆ ಕಿತ್ತು ಪಟಪಟ ಅನ್ನುತ್ತದೆ. ಖುಷಿ ಆಗಬೇಕಿತ್ತು. ಎರಡು ಸಲ ಆ ಕಡೆ ನೋಡಿ ಖುಷಿಪಡಲು ಪ್ರಯತ್ನಿಸಿದೆ.

ಈಗ ಹತ್ತು ನಿಮಿಷದ ಹಿಂದೆ ಅವಳೇ ಬಂದಳು. ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಡ್ರೈವ್.

"ಬೀಗ ಹಾಕೂ ಮೊದಲ ಕಿತ್ತ ತಂದಿದ್ದೆ. ಮನ್ಯಾಗ ಇಟ್ರ ಒಡೀತಾರ. ಇಲ್ಲಿ ಇರ್ಲಿ."

"ನನ್ನ ಅಂಗಡಿ ಗೋದಾಮ ಅಲ್ಲ."

"ಗೊತ್ತೈತಿ. ಗೋದಾಮ ಇಷ್ಟ ಹೊಲಸ ಇರೂದಿಲ್ಲ."

ಇಟ್ಟಳು. ಹೋಗಲಿಲ್ಲ. ನನ್ನ ಸ್ಕ್ರೀನ್ ನೋಡಿ, "ಬಣ್ಣ ಕೆಂಪ ಹೊಡಿಯಾಕತ್ತೈತಿ," ಅಂದಳು. ಹೊಡೆಯುತ್ತಿದೆ, ನನಗೂ ಗೊತ್ತು. "ನನಗ ಹಂಗ ಬೇಕು," ಅಂದೆ. ಚಹಾ ಕೊಡಲಿಲ್ಲ. ಅವಳು ಕೇಳಲೂ ಇಲ್ಲ. ಎಲ್ಲಿ ಉಣ್ಣುತ್ತಿದ್ದಾಳೆ, ಎಲ್ಲಿ ಮಲಗುತ್ತಿದ್ದಾಳೆ, ಕೇಳಲಿಲ್ಲ. ಕೇಳುವುದಿಲ್ಲ. ಸ್ಟೂಲಿನ ಮೇಲೆ ಕೂತಿದ್ದಾಳೆ, ಬರೆಯುವವಳನ್ನು ನೋಡುತ್ತ.

"ಏನ ಬರೀತಿ?" ಅಂದಳು ಈಗ.

ಕಿರಾಣಿ ಚೀಟಿ ಅಂದೆ.

"ಅಷ್ಟುದ್ದ?"

ಎದ್ದಳು. ಓದಲು ಇತ್ತಲೇ ಬ—