ಮಡಿಲಿನಂಥ ಬ್ಯಾಗು

ಸ್ಪಂದನಾ,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲಿಲ್ಲ. ಪಕ್ಕದ ಮನೆ ಆಂಟಿ ಜೊತೆ ಮಾರ್ಕೆಟ್ಟಿಗೆ ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ.

ಕ್ಯಾಮೆರಾಕ್ಕೆ ತಂದ ಸೊಂಟದ ಬ್ಯಾಗು ಎರಡರಲ್ಲಿ ಒಂದನ್ನು ಇವತ್ತೇ ಅಂಗಡಿಗೆ ವಾಪಸ್ ಕೊಡಬೇಕು ಅಂದಿದ್ದೆಯಲ್ಲ. ಎರಡಕ್ಕೂ ಈರುಳ್ಳಿ ತುಂಬಿ, ಕಟ್ಟಿಕೊಂಡು ಬಿಲ್ಡಿಂಗ್ ಕೆಳಗೆ ನೀವು ವಾಯ್ಡ್ ಡೆಕ್ ಅನ್ನುವ ಖಾಲಿ ಜಾಗದಲ್ಲಿ ಓಡಾಡಿ ನೋಡಿದೆ. ಕ್ಯಾಮೆರಾ ಮುಟ್ಟಿಲ್ಲ, ಗಾಬರಿಯಾಗಬೇಡ. ಬೂದು ಬಣ್ಣದ್ದು ನೋಡೋಕೆ ಚೆಂದ, ಬಗ್ಗಿದರೆ ಹೊಟ್ಟೆಗೆ ಒತ್ತುತ್ತದೆ. ಕಪ್ಪು ಬಣ್ಣದ್ದು ಮಾತ್ರ, ಊರಲ್ಲಿ ಹೂ ಬಿಡಿಸುವಾಗ ನಾವು ಸೆರಗಿನಲ್ಲಿ ಕಟ್ಟುವ ಮಡಿಲಿನ ಹಾಗೇ. ಭಾರವೆಲ್ಲ ಸೊಂಟದ ಮೂಳೆ ಮೇಲೆ ಕೂರುತ್ತದೆ, ಹೆಗಲಿಗೆ ಗೊತ್ತೇ ಆಗುವುದಿಲ್ಲ. ಹಿಂದಿನಿಂದ ಮುಂದಕ್ಕೆ ಎಳೆದುಕೊಂಡರೆ ಬಾಯಿ ಕೈಗೇ ಬರುತ್ತದೆ. ಯಾವ ಪುಣ್ಯಾತ್ಮ ಹೊಲಿದನೋ.

ನೀನು ತೆಗೆದು ನಿನ್ನೆ ತೋರಿಸಿದ ಮದುವೆ ವಿಡಿಯೋದಲ್ಲಿ ಧಾರೆ ನೀರಿನ ಎಳೆ ಕೂಡ ಅಲುಗಿಲ್ಲ. ಆಮೇಲೆ ನಿನ್ನ ಹೆಗಲು ನೋಡಿದೆ, ಹಳೇ ಬ್ಯಾಗಿನ ಪಟ್ಟಿ ಕೊರೆದು ಬರೆ ಎದ್ದಿತ್ತು. ಅಷ್ಟು ನೋವಿನಲ್ಲೂ ಕೈ ಹೇಗೆ ನಡುಗಲಿಲ್ಲ ಮಗಳೇ? ಬೆಳಿಗ್ಗೆಯಿಂದ ಅದೇ ನೀರು ಕಣ್ಣ ಮುಂದಿದೆ.

ಕಪ್ಪು ಬ್ಯಾಗನ್ನು ಇಟ್ಟುಕೋ. ಬೂದು ಬಣ್ಣದ್ದನ್ನು ಕೊಡುವ ಮೊದಲು ಚೆನ್ನಾಗಿ ಕೊಡವು, ಈರುಳ್ಳಿ ಸಿಪ್ಪೆ ಉಳಿದಿರಬಹುದು.

ಬರಿ ಮಡಿಲು ಕಟ್ಟಬಾರದು ಅಂತ ಕಪ್ಪು ಬ್ಯಾಗಿನ ಪಕ್ಕದ ಜೇಬಿನಲ್ಲಿ ಒಂದು ಅಡಿಕೆ ಇಟ್ಟಿದ್ದೇನೆ. ಲೆನ್ಸಿಗೆ ತಾಗುವುದಿಲ್ಲ. ತೆಗೆಯಬೇಡ.

ಅಮ್ಮ